ಹಳೆಯ ಡೀಸೆಲ್ ಗಾಡಿಯ ಮುಂಜಾನೆಯ ಹೊಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ, ಕುಮಟಾದಿಂದ ಕಾರವಾರದವರೆಗಿನ ಕರಾವಳಿಯಲ್ಲಿ, ಇಪ್ಪತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಇಂದಿಗೂ ದುಡಿಯುತ್ತಿವೆ. ಪ್ಯೂಜೊ ಎಂಜಿನ್ನಿನ ಮಹೀಂದ್ರ ಜೀಪು, ಮೊದಲ ಕಾಲದ ಬೊಲೆರೊ, ಟಾಟಾ ಸುಮೊ, ಕ್ವಾಲಿಸ್, ಡೀಸೆಲ್ ಅಂಬಾಸಿಡರ್, ಇಂಡಿಕಾ, ಟಾಟಾ 407. ಇವುಗಳ ಮಾಲೀಕರು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೊಗೆ ಕಂಡ ಕೂಡಲೇ ‘ಎಂಜಿನ್ ಕೆಲಸ ಬಂತು’ ಎಂದು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚಿಸಿ, ಕೊನೆಗೆ ದೋಷ ತಣ್ಣಗಿನ ಎಂಜಿನ್ನಿಗೆ ಬಿಸಿ ಕೊಡುವ ಒಂದು ಹೀಟರ್ ಪ್ಲಗ್‌ನಲ್ಲೋ ಡೀಸೆಲ್ ಪೈಪಿನಲ್ಲೋ ಇತ್ತೆಂದು ತಿಳಿದವರ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಬಿಚ್ಚುವ ಮಾತು ಕೊನೆಗೆ ಬರುತ್ತದೆ.

## ಮೊದಲು ತಿಳಿಯಬೇಕಾದದ್ದು

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇದು ದೋಷವೇ ಅಥವಾ ಹಳೆಯ ಗಾಡಿಯ ಸ್ವಭಾವವೇ?

ಅರ್ಧ ನಿಮಿಷದೊಳಗೆ ನಿಲ್ಲುವ ತೆಳು ಹೊಗೆಗೆ ಚಿಂತೆ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಇಪ್ಪತ್ತು ಪಟ್ಟಿನ ಆಸುಪಾಸಿಗೆ ಒತ್ತಿದಾಗ ಹುಟ್ಟುವ ಬಿಸಿಯೇ ಡೀಸೆಲ್ಲಿಗೆ ಕಿಡಿ. ರಾತ್ರಿಯಿಡೀ ತಣಿದ ಹೆಡ್ ಮತ್ತು ಲೈನರ್ (ಸಿಲಿಂಡರಿನ ಒಳಗೋಡೆ) ಆ ಬಿಸಿಯನ್ನು ಹೀರಿಕೊಳ್ಳುತ್ತವೆ. ಸ್ವಲ್ಪ ಡೀಸೆಲ್ ಉರಿಯದೆ ಆವಿಯಾಗಿ ಹೊರಬೀಳುತ್ತದೆ. ಲೋಹ ಬಿಸಿಯಾದಂತೆ ಅದು ತಾನೇ ನಿಲ್ಲುತ್ತದೆ.

ಗಮನಿಸಬೇಕಾದದ್ದು ಬದಲಾವಣೆಯನ್ನು. ಕಳೆದ ವರ್ಷದ ಚಳಿಗಾಲದಲ್ಲಿ ಅಂಗಳ ದಾಟುವಷ್ಟರಲ್ಲಿ ನಿಲ್ಲುತ್ತಿದ್ದ ಹೊಗೆ ಈಗ ಮುಖ್ಯರಸ್ತೆ ಸೇರುವವರೆಗೂ ಬರುತ್ತಿದ್ದರೆ, ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾದರೆ, ಗಾಡಿ ಮೊದಲಿನ ಒಂದೆರಡು ನಿಮಿಷ ಮೂರೇ ಸಿಲಿಂಡರಿನಲ್ಲಿ ನಡುಗುತ್ತಿದ್ದರೆ ಪರೀಕ್ಷೆಗೆ ಕಾರಣವಿದೆ. ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ ತಡಮಾಡಲೇಬಾರದು.

ಬಿಳಿ, ನೀಲಿ, ಕಪ್ಪು ಎನ್ನುತ್ತಾರೆ. ನನ್ನ ಕಣ್ಣಿಗೆ ಎಲ್ಲವೂ ಬೂದು ಬಣ್ಣವೇ. ಗುರುತಿಸುವುದು ಹೇಗೆ?

ಬೆಳಗಿನ ಮಂಜಿನಲ್ಲಿ ಬಣ್ಣ ಗುರುತಿಸುವುದು ನಿಜಕ್ಕೂ ಕಷ್ಟ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ, ಹೊಗೆಯ ಹಿಂದೆ ಅಡಿಕೆ ತೋಟವೋ ಕಪ್ಪು ಗೋಡೆಯೋ ಇರಲಿ. ಆಗ ನೀಲಿ ಛಾಯೆ ಎದ್ದು ಕಾಣುತ್ತದೆ.

ಕಣ್ಣಿಗಿಂತ ಮೂಗು ಮತ್ತು ಕಾಗದ ಹೆಚ್ಚು ನಂಬಲರ್ಹ. ಬಿಳಿ ರಟ್ಟೊಂದನ್ನು ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ಕೆಲವು ಸೆಕೆಂಡು ಹಿಡಿಯಿರಿ. ಒದ್ದೆಯಾಗಿ, ಒಣಗಿದ ಮೇಲೆ ಗುರುತು ಉಳಿಯದಿದ್ದರೆ ಅದು ನೀರಾವಿ. ಡೀಸೆಲ್ ವಾಸನೆ ಹೊಡೆದು ನಿಧಾನವಾಗಿ ಆರಿದರೆ ಉರಿಯದ ಡೀಸೆಲ್. ಅದರ ಹೊಗೆ ಕಣ್ಣು ಉರಿಸುತ್ತದೆ. ಎಣ್ಣೆ ಜಿಡ್ಡಿನ ಕಲೆ ಉಳಿದರೆ ಎಂಜಿನ್ ಆಯಿಲ್. ಒರೆಸಿದರೆ ಬೆರಳಿಗೆ ಹತ್ತುವ ಕಪ್ಪು ಪುಡಿ ಮಸಿ. ಹೊಗೆಯಲ್ಲಿ ಸಿಹಿ ವಾಸನೆ ಇದ್ದರೆ ಕೂಲಂಟ್ ಉರಿಯುತ್ತಿದೆ ಎಂದು ಸಂಶಯಪಡಿ. ಆದರೆ ರೇಡಿಯೇಟರಿಗೆ ಬರೀ ಬಾವಿ ನೀರು ಹಾಕುವವರಿಗೆ ಈ ಸಿಹಿ ವಾಸನೆಯ ಸುಳಿವು ಸಿಗುವುದಿಲ್ಲ. ಬಾವಿ ನೀರು ಬಿಟ್ಟು ಕೂಲಂಟ್ ಹಾಕಲು ಇದೂ ಒಂದು ಕಾರಣ.

ಕಾರವಾರದಲ್ಲಿ ಹೊಗೆಯೇ ಇಲ್ಲ. ಅದೇ ಗಾಡಿ ಶಿರಸಿಯಲ್ಲಿ ಒಂದು ರಾತ್ರಿ ನಿಂತರೆ ಬೆಳಿಗ್ಗೆ ಓಣಿ ತುಂಬ ಹೊಗೆ. ಏಕೆ?

ಎರಡು ಕಾರಣಗಳಿವೆ. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಮೇಲಿನ ಬೆಳಗು ಕರಾವಳಿಯ ಬೆಳಗಿಗಿಂತ ಹಲವು ಡಿಗ್ರಿ ತಂಪು. ಒಳಗೆ ಬರುವ ಗಾಳಿ ಒಂದು ಡಿಗ್ರಿ ತಂಪಾಗಿದ್ದರೆ ಕಂಪ್ರೆಷನ್ನಿನ (ಪಿಸ್ಟನ್ ಗಾಳಿಯನ್ನು ಒತ್ತುವುದರ) ಕೊನೆಯಲ್ಲಿ ಆ ಕೊರತೆ ಸುಮಾರು ಎರಡು ಡಿಗ್ರಿಯಾಗಿ ಬೆಳೆಯುತ್ತದೆ. ಇನ್ನೊಂದು ಎತ್ತರ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಾರವಾರಕ್ಕಿಂತ ಶೇ. 7ರಷ್ಟು ಕಡಿಮೆ, ಆದ್ದರಿಂದ ಕಂಪ್ರೆಷನ್ನೂ ಅಷ್ಟೇ ಕಡಿಮೆ.

ಆರೋಗ್ಯವಂತ ಎಂಜಿನ್ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಚಿನಲ್ಲಿರುವ ಎಂಜಿನ್ ಮಾತ್ರ ತನ್ನ ದೌರ್ಬಲ್ಯವನ್ನು ತೋರಿಸಿಬಿಡುತ್ತದೆ. ಹಳೆಯ ಗಾಡಿ ಕೊಳ್ಳುವವರಿಗೆ ಇದರಿಂದ ಒಂದು ಉಪಾಯ ಸಿಗುತ್ತದೆ: ಗಾಡಿ ಕರಾವಳಿಯದ್ದಾದರೂ, ಸಾಧ್ಯವಾದರೆ ಘಟ್ಟದ ಮೇಲೆ ಒಂದು ರಾತ್ರಿ ನಿಲ್ಲಿಸಿ, ಬೆಳಗಿನ ಮೊದಲ ಸ್ಟಾರ್ಟನ್ನು ನೀವೇ ಮಾಡಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಯಾವ ಸತ್ಯವನ್ನೂ ಹೇಳುವುದಿಲ್ಲ.

ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತದೆ. ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ, ಸೋರಿಕೆ ತಡೆಯುವ ಪದರ) ಹೋಗಿದೆಯೇ?

ಅಷ್ಟರಿಂದಲೇ ಹಾಗೆ ಹೇಳಲಾಗದು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಸೈಲೆನ್ಸರ್ ತಣ್ಣಗಿರುವಾಗ ಅದು ಹನಿಯಾಗಿ ಇಳಿಯುವುದು ಸಹಜ. ನಮ್ಮ ಮಳೆಗಾಲದ ತೇವದಲ್ಲಂತೂ ಇನ್ನೂ ಹೆಚ್ಚು. ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಚಳಿಗೆ ಡೀಸೆಲ್ ಹೆಪ್ಪುಗಟ್ಟಿದೆ ಎಂದು ಒಬ್ಬರು ಹೇಳಿದರು. ನಿಜವೇ?

ನಮ್ಮ ಜಿಲ್ಲೆಯಲ್ಲಿ ಅಷ್ಟು ಚಳಿ ಬೀಳುವುದಿಲ್ಲ. ಡೀಸೆಲ್ಲಿನಲ್ಲಿ ಮೇಣ ಕಟ್ಟುವ ಸಮಸ್ಯೆ ಹಿಮಾಲಯದ ರಸ್ತೆಗಳದ್ದು. ನಮ್ಮಲ್ಲಿ ಡೀಸೆಲ್ ಕೆಟ್ಟಿದ್ದರೆ ಅದಕ್ಕೆ ಕಾರಣ ನೀರು. ಪಂಪ್‌ಸೆಟ್ಟಿಗೆಂದು ಬ್ಯಾರೆಲ್ಲಿನಲ್ಲಿ ತುಂಬಿಟ್ಟ ಡೀಸೆಲ್, ದೋಣಿಗೆ ತಂದು ಉಳಿದ ಡೀಸೆಲ್ ಮಳೆಗಾಲ ಕಳೆದ ಮೇಲೆ ಗಾಡಿಯ ಟ್ಯಾಂಕಿಗೆ ಬಿದ್ದರೆ ತಳದ ನೀರೂ ಜೊತೆಗೆ ಬರುತ್ತದೆ. ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

## ಬಿಳಿ ಹೊಗೆ

ಬಿಳಿ ಹೊಗೆ, ಡೀಸೆಲ್ ವಾಸನೆ. ಎಲ್ಲಿಂದ ಆರಂಭಿಸಲಿ?

ಬ್ಯಾಟರಿಯಿಂದ. ಹೊಗೆಗೂ ಬ್ಯಾಟರಿಗೂ ಏನು ಸಂಬಂಧ ಎಂದು ಬಹಳ ಜನ ಆಶ್ಚರ್ಯಪಡುತ್ತಾರೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಪಿಸ್ಟನ್ ನಿಧಾನವಾಗಿ ಮೇಲೇರುತ್ತದೆ, ಒತ್ತಿದ ಗಾಳಿ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಸೋರಲು ಸಮಯ ಸಿಗುತ್ತದೆ, ಬಿಸಿಯೂ ಗೋಡೆಗೆ ಇಳಿಯುತ್ತದೆ. ಡೀಸೆಲ್ ಸಿಂಪಡಣೆ ಮಾತ್ರ ನಡೆಯುತ್ತಲೇ ಇರುತ್ತದೆ. ಹೀಗೆ ಉರಿಯದೆ ಉಳಿದದ್ದೆಲ್ಲ ಎಂಜಿನ್ ಹತ್ತಿದ ಕೂಡಲೇ ಬಿಳಿ ಮೋಡವಾಗಿ ಹೊರಬರುತ್ತದೆ.

ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಸರಿಯಿದ್ದೂ ಸೆಲ್ಫ್ ಮಂದವಾಗಿದ್ದರೆ ಅರ್ಥ್ ಪಟ್ಟಿ ನೋಡಿ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪು ಗಾಳಿಯಲ್ಲಿ ಎಂಜಿನ್ನಿನಿಂದ ಚಾಸಿಗೆ ಹೋಗುವ ಈ ಪಟ್ಟಿ ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿಯುತ್ತದೆ, ಮೇಲ್ನೋಟಕ್ಕೆ ಕಾಣುವುದಿಲ್ಲ. ಬಿಚ್ಚಿ, ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿಯಿರಿ. ಅರ್ಧ ಗಂಟೆಯ ಈ ಕೆಲಸಕ್ಕೆ ದುಡ್ಡೇ ಬೇಡ, ಫಲ ಮಾತ್ರ ಅನೇಕ ಸಲ ಬೆರಗುಗೊಳಿಸುವಂಥದ್ದು.

ಹೀಟರ್ ಪ್ಲಗ್ ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ?

ತಿಳಿಯಬಹುದು. ಡ್ಯಾಶ್‌ಬೋರ್ಡಿನ ದೀಪ ಹತ್ತಿ ಆರಿದ ಮಾತ್ರಕ್ಕೆ ಪ್ಲಗ್‌ಗಳು ಕಾದಿವೆ ಎಂದು ನಂಬಬೇಡಿ. ಬಹುಪಾಲು ಹಳೆಯ ಗಾಡಿಗಳಲ್ಲಿ ಆ ದೀಪ ಟೈಮರಿನ ಲೆಕ್ಕವನ್ನಷ್ಟೇ ಹೇಳುತ್ತದೆ. ನಾಲ್ಕೂ ಪ್ಲಗ್ ಸುಟ್ಟಿದ್ದರೂ ಅದು ಹತ್ತುತ್ತದೆ.

ಪ್ಲಗ್‌ಗಳ ತಲೆಯನ್ನು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದೊಂದೇ ಪ್ಲಗ್ಗಿನ ತಲೆಗೂ ಎಂಜಿನ್ ಲೋಹಕ್ಕೂ ನಡುವೆ ಅಳೆಯಿರಿ. ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸು ಬರುತ್ತದೆ. ಅಂಕಿಯೇ ಬಾರದಿದ್ದರೆ ಒಳಗಿನ ತಂತಿ ತುಂಡಾಗಿದೆ. ಒಂದು ಪ್ಲಗ್ ಮಾತ್ರ ಉಳಿದವುಗಳಿಗಿಂತ ಬಹಳ ಬೇರೆಯಾಗಿದ್ದರೆ ಅದನ್ನೂ ಬದಲಿಸಿ. ಬಳಿಕ ಪಟ್ಟಿಯನ್ನು ಮತ್ತೆ ಕಟ್ಟಿ, ಕೀ ತಿರುಗಿಸಿ ಪ್ಲಗ್ಗಿನ ತಲೆಗೆ ಬ್ಯಾಟರಿಯ ವೋಲ್ಟೇಜ್ ಬರುತ್ತದೆಯೇ ನೋಡಿ. ಬಾರದಿದ್ದರೆ ರಿಲೇ, ಫ್ಯೂಸ್ ಅಥವಾ ಟೈಮರ್ ಪರೀಕ್ಷಿಸಬೇಕು. ಕೆಲವು ಗಾಡಿಗಳ ಪ್ಲಗ್ 12 ವೋಲ್ಟಿಗಿಂತ ಕಡಿಮೆಯದ್ದಾಗಿರುತ್ತದೆ. ಬುಡದಲ್ಲಿ ಬರೆದ ವೋಲ್ಟೇಜ್ ಓದದೆ ಬ್ಯಾಟರಿಯಿಂದ ನೇರ ತಂತಿ ಎಳೆದು ಕಾಯಿಸಬೇಡಿ, ತುದಿ ಕರಗಿ ಸಿಲಿಂಡರಿಗೆ ಬೀಳಬಹುದು.

ಬಿಚ್ಚುವಾಗ ಎಂಜಿನ್ ಸ್ವಲ್ಪ ಬೆಚ್ಚಗಿರಲಿ. ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹೆಡ್ಡಿನೊಳಗೆ ಮುರಿದ ಪ್ಲಗ್ ಸಣ್ಣ ಕೆಲಸವನ್ನು ದೊಡ್ಡ ಕೆಲಸವಾಗಿಸುತ್ತದೆ.

ನನ್ನ ಗಾಡಿಗೆ ಹೀಟರ್ ಪ್ಲಗ್ ಇಲ್ಲವೇ ಇಲ್ಲ ಎನ್ನುತ್ತಾರೆ. ಕಂಪನಿಯವರು ಹಾಕದೆ ಬಿಟ್ಟರೇ?

ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಬಿಸಿಯನ್ನು ಕಡಿಮೆ ಕಳೆದುಕೊಳ್ಳುತ್ತದೆ. ಬೆಚ್ಚಗಿನ ಪ್ರದೇಶಕ್ಕೆಂದು ತಯಾರಾದ ಅಂತಹ ಅನೇಕ ಎಂಜಿನ್‌ಗಳು ಪ್ಲಗ್ ಇಲ್ಲದೆಯೇ ಸ್ಟಾರ್ಟ್ ಆಗುತ್ತವೆ. ಪ್ಯೂಜೊ ಎಂಜಿನ್ನಿನ ಜೀಪಿನಂತಹ ಗಾಡಿಗಳಲ್ಲಿ ಡೀಸೆಲ್ ಮೊದಲು ಹೆಡ್ಡಿನಲ್ಲಿರುವ ಸಣ್ಣ ಕೋಣೆಯೊಳಗೆ ಉರಿಯುತ್ತದೆ. ಆ ಕೋಣೆಯ ಗೋಡೆ ಬಿಸಿಯನ್ನು ಬಹಳ ಹೀರುವುದರಿಂದ ಅವುಗಳಿಗೆ ಪ್ಲಗ್ ಬೇಕೇ ಬೇಕು. ನಿಮ್ಮದು ಪ್ಲಗ್ ಇಲ್ಲದ ಎಂಜಿನ್ ಆಗಿದ್ದು ಹೊಗೆ ಹೆಚ್ಚಿದ್ದರೆ ನಾಝಲ್ (ಡೀಸೆಲ್ ಸಿಂಪಡಿಸುವ ಭಾಗ), ಟೈಮಿಂಗ್ (ಡೀಸೆಲ್ ಬೀಳುವ ಹೊತ್ತು), ಕಂಪ್ರೆಷನ್ ಕಡೆಗೆ ಹೋಗಿ.

ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಒಮ್ಮೆಲೇ ಸ್ಟಾರ್ಟ್ ಆಗಿ ಒಂದು ದೊಡ್ಡ ಬಿಳಿ ಹೊಗೆ. ಆಮೇಲೆ ದಿನವಿಡೀ ಸರಿ. ಏನಿದು?

ರಾತ್ರಿ ಡೀಸೆಲ್ ಪೈಪಿನಿಂದ ಟ್ಯಾಂಕಿಗೆ ಹಿಂದೆ ಸರಿದು, ಆ ಜಾಗಕ್ಕೆ ಗಾಳಿ ಬಂದಿರುವ ಲಕ್ಷಣ. ಮನೆಯಂಗಳ ಇಳಿಜಾರಾಗಿರುವವರಿಗೆ ಖರ್ಚಿಲ್ಲದ ಪರೀಕ್ಷೆ ಇದೆ. ಒಂದು ರಾತ್ರಿ ಮೂತಿ ಮೇಲೆ ಮಾಡಿ, ಮರುರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಟ್ಯಾಂಕ್ ಹಿಂದಿರುವ ಗಾಡಿಯಲ್ಲಿ ಮೂತಿ ಮೇಲಿದ್ದಾಗ ಮಾತ್ರ ತೊಂದರೆ ಕಂಡರೆ ಗಾಳಿ ಹೊಕ್ಕುತ್ತಿರುವುದು ಬಹುತೇಕ ಖಚಿತ. ಬೆಳಿಗ್ಗೆ ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿದಾಗ ಹೊಗೆಯಿಲ್ಲದೆ ಹತ್ತಿದರೆ ಸಂಶಯವೇ ಬೇಡ.

ಹೊರಗೆ ಡೀಸೆಲ್ ಸೋರುತ್ತಿಲ್ಲವಲ್ಲ ಎಂದು ಬಹಳ ಜನ ಕೇಳುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆಯಲಾಗುತ್ತದೆ, ಆದ್ದರಿಂದ ಬಿರುಕಿನಲ್ಲಿ ಡೀಸೆಲ್ ಹೊರಬರುವ ಬದಲು ಗಾಳಿ ಒಳಬರುತ್ತದೆ. ಪಂಪಿಗೆ ಹೋಗುವ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಒಣಗಿದ ರಬ್ಬರ್ ಪೈಪ್, ಸಡಿಲ ಕ್ಲಿಪ್, ಫಿಲ್ಟರಿನ ವಾಷರ್, ಕೈಪಂಪಿನ ವಾಲ್ವ್, ನಾಝಲ್ ಮೇಲಿನ ರಿಟರ್ನ್ ಪೈಪ್‌ಗಳನ್ನು ಇದೇ ಕ್ರಮದಲ್ಲಿ ನೋಡಿ.

ಪ್ಲಗ್, ಬ್ಯಾಟರಿ, ಪೈಪ್ ಎಲ್ಲ ಸರಿ. ಆದರೂ ಮೊದಲ ನಿಮಿಷ ಗಾಡಿ ನಡುಗುತ್ತದೆ, ಟಕ ಟಕ ಶಬ್ದ, ಬಿಳಿ ಹೊಗೆ. ಯಾವ ಸಿಲಿಂಡರ್ ಎಂದು ತಿಳಿಯುವುದು ಹೇಗೆ?

ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಇದಕ್ಕೆ ಅನುಭವಿ ಮೆಕ್ಯಾನಿಕ್‌ಗಳ ಸರಳ ವಿಧಾನವಿದೆ. ಎಂಜಿನ್ ನಡುಗುತ್ತಿರುವಾಗಲೇ ಒಂದೊಂದೇ ನಾಝಲ್ಲಿನ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸುತ್ತಾರೆ. ಸರಿಯಾದ ಸಿಲಿಂಡರಿನದ್ದು ಸಡಿಲಿಸಿದರೆ ನಡುಕ ಹೆಚ್ಚುತ್ತದೆ. ದೋಷವಿರುವುದನ್ನು ಸಡಿಲಿಸಿದರೆ ಎಂಜಿನ್ನಿನ ಓಟದಲ್ಲಿ ವ್ಯತ್ಯಾಸ ಕಾಣದೆ ಹೊಗೆ ಕಡಿಮೆಯಾಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮಾಡಬಾರದು. ನಾಝಲ್ಲಿನ ಬಾಯಿಯ ಹತ್ತಿರವಂತೂ ಬೆರಳು ಒಯ್ಯಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ಸಣ್ಣ ಚುಕ್ಕೆಯಷ್ಟೇ ಕಾಣಬಹುದು, ಆದರೆ ಅದಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಸಿಲಿಂಡರ್ ಗೊತ್ತಾದ ಮೇಲೆ ಅದರ ನಾಝಲ್ಲನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿಸಿ. ದೋಷ ನಾಝಲ್ಲಿನೊಂದಿಗೆ ಹೋದರೆ ನಾಝಲ್ ಕೆಟ್ಟಿದೆ. ದೋಷ ಅಲ್ಲೇ ಉಳಿದರೆ ಕಂಪ್ರೆಷನ್ ಅಥವಾ ವಾಲ್ವ್ ನೋಡಬೇಕು. ನಾಝಲ್ಲನ್ನು ಡೀಸೆಲ್ ಪಂಪ್ ಅಂಗಡಿಯಲ್ಲಿ ಪರೀಕ್ಷಾ ಯಂತ್ರಕ್ಕೆ ಕೂರಿಸಿದಾಗ ಎದುರೇ ನಿಂತು ನೋಡಿ: ನಿಗದಿತ ಒತ್ತಡದಲ್ಲಿ ಸೂಕ್ಷ್ಮ ತುಂತುರು ಬರಬೇಕು, ಒತ್ತಡ ಹಿಡಿದಿಟ್ಟಾಗ ತುದಿಯಲ್ಲಿ ಹನಿ ಕಟ್ಟಬಾರದು. ಮತ್ತೆ ಜೋಡಿಸುವಾಗ ಬುಡದ ತಾಮ್ರದ ವಾಷರ್ ಹೊಸದೇ ಇರಲಿ.

ರೇಡಿಯೇಟರ್ ನೀರು ನಿಧಾನವಾಗಿ ಕಡಿಮೆಯಾಗುತ್ತಿದೆ, ಹೊರಗೆಲ್ಲೂ ಸೋರಿಕೆ ಇಲ್ಲ. ಬೆಳಿಗ್ಗೆ ದಟ್ಟ ಬಿಳಿ ಹೊಗೆ.

ಇದನ್ನು ಮುಂದೂಡಬೇಡಿ. ರಾತ್ರಿಯಿಡೀ ತಣಿದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದಾಗ ಒತ್ತಡ ಹೊರಬಂದರೆ ಅದು ಕೆಟ್ಟ ಸೂಚನೆ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿಸಿ ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತದೆಯೇ ನೋಡಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ, ನೀರು ಕಾಯುವ ಮೊದಲೇ ಮೇಲಿನ ಹೋಸ್ ಗಟ್ಟಿಯಾದರೂ ಅರ್ಥ ಅದೇ: ಸಿಲಿಂಡರಿನ ಗಾಳಿ ನೀರಿನ ದಾರಿ ಹಿಡಿದಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು ಕಾರಣ.

ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂತಹ ಬಿಳಿ ಪದರ ಕಂಡು ಗಾಬರಿಯಾಗುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಅಂಗಡಿಗೆ, ಹಾಲಿನ ಡೇರಿಗೆ ಹೋಗಿ ಬರುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಕಟ್ಟಿದ ತೇವ ಆಯಿಲ್ಲಿನೊಂದಿಗೆ ಬೆರೆತು ಅಂತಹ ಪದರ ಮೂಡಿಸುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿದ್ದು, ರೇಡಿಯೇಟರ್ ನೀರು ಇಳಿಯದಿದ್ದರೆ ಗಾಡಿಯನ್ನು ಒಂದು ದೂರದ ಪ್ರಯಾಣಕ್ಕೆ ಒಯ್ಯಿರಿ, ಪದರ ಹೋಗುತ್ತದೆ.

ಎಚ್ಚರಿಕೆ: ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ದಪ್ ಎಂದು ಸಿಕ್ಕಿಹಾಕಿಕೊಂಡಂತೆ ನಿಂತರೆ ಮತ್ತೆ ಪ್ರಯತ್ನಿಸಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಅಥವಾ ನಾಝಲ್ ಬಿಚ್ಚಿದ ಮೇಲೆಯೇ ತಿರುಗಿಸಬೇಕು.

## ನೀಲಿ ಮತ್ತು ಕಪ್ಪು

ಮೊದಲ ಸ್ಟಾರ್ಟಿಗೆ ಮಾತ್ರ ನೀಲಿ ಹೊಗೆ. ರಿಂಗ್ ಹೋಗಿದೆ ಎನ್ನುತ್ತಾರೆ.

ಮೊದಲ ಸಂಶಯ ವಾಲ್ವ್ ಸೀಲ್ ಮೇಲಿರಲಿ. ರಾತ್ರಿ ಹೆಡ್ಡಿನ ಮೇಲಿನ ಆಯಿಲ್ ಒಣಗಿದ ಸೀಲಿನ ಸಂದಿಯಿಂದ ವಾಲ್ವ್ ಕಾಂಡದ ಗುಂಟ ಇಳಿದು, ಬೆಳಿಗ್ಗೆ ಉರಿದು, ಮುಗಿಯುತ್ತದೆ. ರಿಂಗ್ ಸವೆದ ಎಂಜಿನ್ ಬಿಸಿಯಾದ ಮೇಲೂ, ವಿಶೇಷವಾಗಿ ಏರಿನಲ್ಲಿ, ನೀಲಿ ಹೊಗೆ ಬಿಡುತ್ತದೆ. ಎಂಜಿನ್ನಿನೊಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿನಿಂದ ಹಬೆ ಒತ್ತಿ ಬರುತ್ತದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ಸುಮ್ಮನೆ ಇಟ್ಟರೆ ಕುಣಿದು ಹಾರಿಬಿಡುತ್ತದೆ.

ಆಯಿಲ್ ಎಷ್ಟು ಖರ್ಚಾಗುತ್ತಿದೆ ಎಂದು ಬರೆದಿಡಿ. ಸಮತಟ್ಟಾದ ಜಾಗದಲ್ಲಿ, ತಣ್ಣಗಿರುವಾಗ, ಒಂದೇ ಸ್ಥಳದಲ್ಲಿ ಅಳೆದು ಸಾವಿರ ಕಿಲೋಮೀಟರಿಗೆ ಎಷ್ಟು ಸುರಿದಿರಿ ಎಂಬ ಲೆಕ್ಕ ಇದ್ದರೆ ಮೆಕ್ಯಾನಿಕ್ ಜೊತೆಗಿನ ಮಾತು ಊಹೆಯ ಮೇಲೆ ನಡೆಯುವುದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಹೆಡ್ ಬಿಚ್ಚದೆಯೇ ವಾಲ್ವ್ ಸೀಲ್ ಬದಲಿಸಲು ಸಾಧ್ಯ. ಕೇಳಿ ನೋಡಿ.

ದೇವಿಮನೆ ಘಟ್ಟ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬರುತ್ತದೆ. ಇದೂ ವಾಲ್ವ್ ಸೀಲೇ?

ಪೆಟ್ರೋಲ್ ಕಾರಿನಲ್ಲಾದರೆ ಹೌದೆನ್ನಬಹುದಿತ್ತು. ಅಲ್ಲಿ ಇಳಿಜಾರಿನಲ್ಲಿ ಥ್ರಾಟಲ್ (ಗಾಳಿಯ ದಾರಿಯ ಕದ) ಮುಚ್ಚಿ ಒಳಗೆ ಬಲವಾದ ಎಳೆತ ಹುಟ್ಟುತ್ತದೆ, ಆಯಿಲ್ ಒಳಸೇರುತ್ತದೆ. ಹಳೆಯ ಡೀಸೆಲ್‌ಗಳಲ್ಲಿ ಬಹುಪಾಲಿಗೆ ಥ್ರಾಟಲ್ ಇಲ್ಲ, ಆ ಎಳೆತವೂ ಇಲ್ಲ. ದೇವಿಮನೆ, ಅರಬೈಲಿನಂತಹ ದೀರ್ಘ ಇಳಿಜಾರಿನಲ್ಲಿ ಡೀಸೆಲ್ ಸಿಂಪಡಣೆ ನಿಂತು ಸಿಲಿಂಡರ್ ತಣಿಯುತ್ತದೆ, ಕೆಳಗೆ ಬಂದು ಒತ್ತಿದಾಗ ಕ್ಷಣಕಾಲ ಬಿಳಿ ಹೊಗೆ ಬರಬಹುದು. ಹೊಗೆ ನೀಲಿಯಾಗಿದ್ದು ಗಾಡಿಗೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇದ್ದರೆ ಟರ್ಬೊದಿಂದ ಇಂಟೇಕ್‌ಗೆ ಹೋಗುವ ಪೈಪ್ ಬಿಚ್ಚಿ ನೋಡಿ. ತೆಳು ಜಿಡ್ಡು ಸಹಜ, ಆಯಿಲ್ ಮಡುಗಟ್ಟಿ ನಿಂತಿದ್ದರೆ ಟರ್ಬೊ ದುರಸ್ತಿಗೆ ಬಂದಿದೆ.

ಸರ್ವೀಸ್ ಮಾಡಿಸಿದ ಮರುದಿನದಿಂದಲೇ ನೀಲಿ ಹೊಗೆ. ಹೇಗೆ ಸಾಧ್ಯ?

ಡಿಪ್‌ಸ್ಟಿಕ್ ನೋಡಿ, ಆಯಿಲ್ ಮೇಲಿನ ಗೆರೆ ದಾಟಿರಬಹುದು. ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಫಿಲ್ಟರಿನಲ್ಲೂ ಗುರುತಿಗಿಂತ ಹೆಚ್ಚು ಆಯಿಲ್ ತುಂಬಿದರೆ ಎಂಜಿನ್ ಅದನ್ನು ಹೀರುತ್ತದೆ.

ಇದು ಬರೀ ಹೊಗೆಯ ವಿಷಯವೆಂದು ತಿಳಿಯಬೇಡಿ. ಡೀಸೆಲ್ ಎಂಜಿನ್ ಆಯಿಲ್ಲನ್ನೇ ಇಂಧನ ಮಾಡಿಕೊಂಡರೆ ಕೀ ತೆಗೆದರೂ ನಿಲ್ಲದೆ ವೇಗ ಏರಿಸಿಕೊಳ್ಳುತ್ತಾ ಹೋಗುತ್ತದೆ. ಆಗ ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಗಾಳಿಯ ದಾರಿ ಮುಚ್ಚುವುದಾದರೆ ಹಲಗೆಯಿಂದ ಮುಚ್ಚಿ, ಕೈಯಿಂದ ಎಂದೂ ಬೇಡ.

ಸ್ಟಾರ್ಟ್ ಆಗುವ ಕ್ಷಣ ಒಂದು ಕಪ್ಪು ಹೊಗೆ. ಚಿಂತಿಸಬೇಕೇ?

ಬೇಡ. ಸ್ಟಾರ್ಟ್ ಸುಲಭವಾಗಲೆಂದು ಹಳೆಯ ಪಂಪುಗಳು ಆ ಕ್ಷಣಕ್ಕೆ ಹೆಚ್ಚು ಡೀಸೆಲ್ ಕೊಡುತ್ತವೆ. ಓಡುವಾಗಲೂ ಕಪ್ಪು ಹೊಗೆ ಇದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಕೆಂಪು ಧೂಳು, ಅದರ ಮೇಲೆ ಮಳೆಗಾಲದ ತೇವ ಸೇರಿ ಕಾಗದದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ‘ಪಿಕ್ಅಪ್ ಬರಲಿ’ ಎಂದು ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಂಡವರು ಆ ತಿರುಪನ್ನು ಮೊದಲಿನಂತೆ ಮಾಡಿಸುವುದೇ ಪರಿಹಾರ.

## ಇನ್ನೂ ಆಳಕ್ಕೆ

ಕಂಪ್ರೆಷನ್ ಪರೀಕ್ಷೆ ಮಾಡಿಸಿದೆ. ಅಂಕಿಗಳನ್ನು ಹೇಗೆ ಓದಬೇಕು?

ಡೀಸೆಲ್ಲಿಗೆಂದೇ ಇರುವ ಗೇಜಿನಿಂದ ಮಾಡಿದ್ದಾರೆಯೇ ಎಂದು ಮೊದಲು ಕೇಳಿ, ಪೆಟ್ರೋಲ್ ಎಂಜಿನ್ನಿನ ಗೇಜ್ ಈ ಒತ್ತಡ ತಡೆಯದು. ಹೆಡ್ಡಿನಲ್ಲಿ ಸಣ್ಣ ಕೋಣೆಯಿರುವ ಹಳೆಯ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ಸಾಮಾನ್ಯವಾಗಿ 400 ಪಿಎಸ್‌ಐ, ಅಂದರೆ 27 ಬಾರ್ ಆಸುಪಾಸು ತೋರಿಸುತ್ತದೆ. ಕನಿಷ್ಠ ಮಿತಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ, ಅದನ್ನು ಆ ಗಾಡಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ನಾಲ್ಕೂ ಸಮನಾಗಿ ಸ್ವಲ್ಪ ಕಡಿಮೆಯಿದ್ದರೆ ವಯಸ್ಸಿನ ಸವೆತ, ಇನ್ನೂ ಓಡಿಸಬಹುದು. ಒಂದೇ ಬಹಳ ಕಡಿಮೆಯಿದ್ದರೆ ಅಲ್ಲಿ ನಿರ್ದಿಷ್ಟ ದೋಷವಿದೆ. ಪಕ್ಕಪಕ್ಕದ ಎರಡು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯ. ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಅಂತರ (ವಾಲ್ವನ್ನು ಒತ್ತುವ ಭಾಗಕ್ಕೂ ವಾಲ್ವಿಗೂ ನಡುವಿನ ಸಂದು) ಅಳೆಸಿ. ಪೂರ್ತಿ ಮುಚ್ಚದ ವಾಲ್ವಿನಿಂದಲೂ ಕಂಪ್ರೆಷನ್ ಬೀಳುತ್ತದೆ, ಅದಕ್ಕೆ ಹೊಂದಿಸುವ ಕೆಲಸವಷ್ಟೇ ಸಾಕು. ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಅಳೆಯುವ ಪದ್ಧತಿ ಡೀಸೆಲ್ಲಿನಲ್ಲಿ ಅಪಾಯದ್ದು. ಒಳಗಿನ ಜಾಗ ಅತಿ ಕಿರಿದು, ಒಂದು ಚಮಚ ಹೆಚ್ಚಾದರೂ ರಾಡ್ ಬಾಗಬಹುದು.

ಕಂಪ್ರೆಷನ್ ಚೆನ್ನಾಗಿದೆ, ನಾಝಲ್ ಹೊಸದು, ಪ್ಲಗ್ ಹೊಸದು. ಆದರೂ ಬಿಳಿ ಹೊಗೆ.

ಟೈಮಿಂಗ್ ನೋಡಿಸಿ. ಡೀಸೆಲ್ ತಡವಾಗಿ ಬಿದ್ದರೆ ಉರಿಯಲು ಸಮಯ ಸಾಲದು. ಟೈಮಿಂಗ್ ಬೆಲ್ಟ್ ಅಥವಾ ಚೈನ್ ಬದಲಿಸಿದ ಮೇಲೆ, ಪಂಪ್ ಬಿಚ್ಚಿ ಕೂರಿಸಿದ ಮೇಲೆ ಈ ದೋಷ ಹುಟ್ಟುವುದು ಹೆಚ್ಚು. ಹೊಗೆ ಯಾವ ಕೆಲಸದ ನಂತರ ಶುರುವಾಯಿತು ಎಂಬ ನೆನಪು ಇಲ್ಲಿ ಬಹಳ ಬೆಲೆಬಾಳುತ್ತದೆ. ರೋಟರಿ ಪಂಪಿನ ಕೆಲವು ಗಾಡಿಗಳಲ್ಲಿ ತಣ್ಣಗಿರುವಾಗ ಮಾತ್ರ ಟೈಮಿಂಗನ್ನು ಮುಂದಕ್ಕೆ ಒಯ್ಯುವ ಸಣ್ಣ ಸಾಧನವೊಂದು ಪಂಪಿನ ಪಕ್ಕದಲ್ಲಿರುತ್ತದೆ. ಅದು ಸಿಕ್ಕಿಕೊಂಡಿದ್ದರೆ ಹಗಲೆಲ್ಲ ಸರಿಯಿದ್ದು ಬೆಳಿಗ್ಗೆ ಮಾತ್ರ ಹೊಗೆ ಬರುತ್ತದೆ. ಇದನ್ನು ಗಮನಿಸುವವರು ಕಡಿಮೆ, ನೀವೇ ನೆನಪಿಸಿ.

ನನ್ನದು ಕಾಮನ್ ರೈಲ್ (ಎಲ್ಲ ನಾಝಲ್ಲಿಗೂ, ಅಂದರೆ ಇಂಜೆಕ್ಟರಿಗೂ, ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ) ಗಾಡಿ. ಇದೇ ಪರೀಕ್ಷೆಗಳನ್ನು ಮಾಡಬಹುದೇ?

ಬ್ಯಾಟರಿ, ಹೀಟರ್ ಪ್ಲಗ್, ಕೂಲಂಟ್ ಪರೀಕ್ಷೆ ಮಾಡಬಹುದು. ಓಡುವ ಎಂಜಿನ್ನಿನಲ್ಲಿ ನಾಝಲ್ ಪೈಪ್ ಸಡಿಲಿಸುವುದನ್ನು ಎಂದಿಗೂ ಮಾಡಬಾರದು. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಪ್ರಾಣಾಪಾಯದ ಮಾತು ಅದು. ಇಲ್ಲಿ ಸ್ಕ್ಯಾನರಿನಲ್ಲಿ ರೈಲಿನ ಒತ್ತಡ ಮತ್ತು ಪ್ರತಿ ಇಂಜೆಕ್ಟರಿನ ತಿದ್ದುಪಡಿ ಅಂಕಿ ಓದಿಸಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ, ಯಾವುದರಲ್ಲಿ ಡೀಸೆಲ್ ಬಹಳ ಬೇಗ ತುಂಬುತ್ತದೆ ಎಂದು ನೋಡಿದರೆ ಸೋರುವ ಇಂಜೆಕ್ಟರ್ ಸಿಗುತ್ತದೆ.

ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ತಕ್ಷಣ ಹತ್ತುತ್ತದೆ. ದಿನಾ ಬಳಸಬಹುದೇ?

ದಯವಿಟ್ಟು ಬೇಡ. ಹೀಟರ್ ಪ್ಲಗ್ ಕಾದಿರುವಾಗ ಆ ಸ್ಪ್ರೇ ಇಂಟೇಕಿನಲ್ಲೇ ಸಿಡಿಯಬಹುದು. ಸಿಲಿಂಡರಿನಲ್ಲಿ ಹೊತ್ತಲ್ಲದ ಹೊತ್ತಿಗೆ ಹತ್ತಿ ಪಿಸ್ಟನ್, ರಿಂಗ್ ಒಡೆಯುತ್ತದೆ. ಇಂಟೇಕಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವ ರೂಢಿಯನ್ನೂ ಬಿಡಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಬಿಸಿಯಾಗಲೆಂದು ಓಡಿಸಿಡುವುದು ಅದಕ್ಕಿಂತ ಅಪಾಯ. ಹೊರಗೆ ತಂದು, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಕಾಯುತ್ತದೆ.

ಬೆಳಿಗ್ಗೆ ಇಷ್ಟು ಹೊಗೆ ಇದ್ದರೆ ಹೊಗೆ ತಪಾಸಣೆಯಲ್ಲಿ ಫೇಲ್ ಆಗುತ್ತದೆಯೇ?

ತಪಾಸಣೆ ಬಿಸಿಯಾದ ಎಂಜಿನ್ನಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ನಡೆಯುತ್ತದೆ. ಬಿಎಸ್-4 (ಭಾರತ್ ಸ್ಟೇಜ್ 4) ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟತೆಯ ಮಿತಿ 65 ಹಾರ್ಟ್‌ರಿಜ್, ಬಿಎಸ್-4ಕ್ಕೆ 50. ಬೆಳಗಿನ ಬಿಳಿ ಹೊಗೆ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ, ಅಲ್ಲಿ ಸಿಕ್ಕಿಬೀಳಿಸುವುದು ಕಪ್ಪು ಹೊಗೆ. ಪಾಸಾದ ಚೀಟಿ ಎಂಜಿನ್ನಿನ ಆರೋಗ್ಯಕ್ಕೆ ಸಾಕ್ಷಿಯಲ್ಲ ಎಂಬುದನ್ನು ಹಳೆಯ ಗಾಡಿ ಕೊಳ್ಳುವವರು ನೆನಪಿಡಬೇಕು.

‘ಹಾಫ್ ಎಂಜಿನ್ (ಎಂಜಿನ್ ಬಿಚ್ಚಿ ಅರ್ಧ ಭಾಗದ ದುರಸ್ತಿ) ಮಾಡಿಸಲೇಬೇಕು’ ಎಂದಿದ್ದಾರೆ. ಒಪ್ಪಲೇ?

ಮೂರು ವಿಷಯ ಕಾಗದದ ಮೇಲೆ ಇದ್ದರೆ ಒಪ್ಪಿ: ಕಂಪ್ರೆಷನ್ ಅಂಕಿ, ಸಾವಿರ ಕಿಲೋಮೀಟರಿನ ಆಯಿಲ್ ಖರ್ಚು, ನಾಝಲ್ ಪರೀಕ್ಷೆಯ ಫಲಿತಾಂಶ. ಬಿಸಿಯಲ್ಲೂ ನೀಲಿ ಹೊಗೆ, ಬ್ರೀದರಿನಿಂದ ಒತ್ತಿ ಬರುವ ಹಬೆ, ಮಿತಿಗಿಂತ ಕಡಿಮೆ ಕಂಪ್ರೆಷನ್ ಮೂರೂ ಒಟ್ಟಿಗೆ ಇದ್ದರೆ ಮುಂದೂಡಿ ಲಾಭವಿಲ್ಲ. ಬೆಳಗಿನ ಬಿಳಿ ಹೊಗೆಯೊಂದನ್ನೇ ತೋರಿಸಿ ಹೇಳಿದ್ದರೆ ಇನ್ನೊಬ್ಬ ಮೆಕ್ಯಾನಿಕ್ ಬಳಿ ತೋರಿಸಿ, ರಾತ್ರಿ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಬೆಳಗಿನ ಮೊದಲ ಸ್ಟಾರ್ಟನ್ನು ಅವರೇ ನೋಡಬೇಕು.

ಕೆಲಸ ಮಾಡಿಸುವುದಾದರೆ ಬೋರನ್ನು (ಸಿಲಿಂಡರಿನ ಒಳವ್ಯಾಸ) ಮೈಕ್ರೋಮೀಟರಿನಿಂದ ಅಳೆದ ಲೆಕ್ಕ ಕೇಳಿ, ಬದಲಿಸಿದ ಹಳೆಯ ಸಾಮಾನುಗಳನ್ನು ಮನೆಗೆ ತನ್ನಿ, ಹೆಡ್ಡನ್ನು ಒತ್ತಡದ ಪರೀಕ್ಷೆ ಮಾಡಿಸದೆ ಕೂರಿಸಲು ಬಿಡಬೇಡಿ. ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳುವವರೆಗೆ ಬೆಳಿಗ್ಗೆ ಸ್ವಲ್ಪ ನೀಲಿ ಹೊಗೆ ಇರುತ್ತದೆ. ಆ ಅವಧಿಯಲ್ಲಿ ಅತಿ ವೇಗ, ಅತಿ ಭಾರ ಬೇಡ, ಹಾಗೆಯೇ ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದೂ ಬೇಡ. ಡಿಪ್‌ಸ್ಟಿಕ್ಕನ್ನು ಪ್ರತಿದಿನ ನೋಡಿ, ಮೊದಲ ಆಯಿಲ್ಲನ್ನು ಮೆಕ್ಯಾನಿಕ್ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸಿ.